ಕುದುರೆ ಮೇಲೆ ಯಾರು ಕೂತಿದ್ದರು?

ಹೋದ ತಿಂಗಳ ಅಂಕಣದಲ್ಲಿ ಹಳೇ ಕಾಲದ ಕಡಿಮೆ ಖರ್ಚಿನ ಕೌಬಾಯ್ ಸಿನಿಮಾಗಳ ಬಗ್ಗೆ ಬರೆದಿದ್ದೆ. 1930 ಮತ್ತು 40ರ ದಶಕದಲ್ಲಿ ಅಮೆರಿಕದ ಸಣ್ಣ ಕಂಪನಿಗಳು ರಾಶಿ ರಾಶಿ ತೆಗೆದ, ಹೆಚ್ಚೂಕಡಿಮೆ ಒಂದು ಗಂಟೆಯ ಚಿತ್ರಗಳು. ಎಷ್ಟೋ ಚಿತ್ರಗಳ ಹಕ್ಕಿನ ಅವಧಿ ಮುಗಿದಿದೆ, ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ, ಮಳೆಗಾಲದಲ್ಲಿ ಕೂತು ನೋಡಿ ಅಂದಿದ್ದೆ. ನೋಡಿದವರು ಬರೆದಿದ್ದಾರೆ. ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಸುತ್ತಿ ಬಳಸಿ ಒಂದೇ ವಿಷಯ ಕೇಳುತ್ತಿವೆ: ಆ ಸಿನಿಮಾಗಳಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಮೆಕ್ಸಿಕೋದವರು, ಹೆಂಗಸರು ಎಲ್ಲಿದ್ದಾರೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಜ್ಜನ ಜೊತೆ ಕೂತು ನಾಲ್ಕೈದು ಸಿನಿಮಾ ನೋಡಿದೆ. ಕೌಬಾಯ್ ಅಂದರೆ ಎಲ್ಲರೂ ಬಿಳಿಯರೇ. ನಿಜವಾಗಿಯೂ ಹಾಗೇ ಇತ್ತಾ? (ಕಾಲೇಜು ವಿದ್ಯಾರ್ಥಿನಿ, ಕುಮಟಾ)

ಇರಲಿಲ್ಲ ತಂಗಿ. ಅಲ್ಲಿಂದಲೇ ಶುರು ಮಾಡಬೇಕು.

ಕೌಬಾಯ್ ಅಂದರೆ ಮೂಲದಲ್ಲಿ ದನ ಕಾಯುವ ಕೂಲಿ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಆಮೇಲೆ ಟೆಕ್ಸಾಸಿನಿಂದ ಕಾನ್ಸಾಸಿನ ರೈಲ್ವೆ ಸ್ಟೇಷನ್ನುಗಳವರೆಗೆ ಸಾವಿರಗಟ್ಟಲೆ ದನಗಳನ್ನು ವಾರಗಟ್ಟಲೆ ನಡೆಸಿಕೊಂಡು ಹೋಗಬೇಕಿತ್ತು. ಬಿಸಿಲು, ಧೂಳು, ರಾತ್ರಿ ಪಾಳಿ, ಕಡಿಮೆ ಸಂಬಳ. ಇಂಥ ಕೆಲಸಕ್ಕೆ ಯಾರು ಬರುತ್ತಾರೆ? ಬೇರೆ ಕಡೆ ಕೆಲಸ ಸಿಗದವರು. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಗಂಡಸರು ದೊಡ್ಡ ಸಂಖ್ಯೆಯಲ್ಲಿ ಬಂದರು, ಅವರಲ್ಲಿ ಎಷ್ಟೋ ಜನಕ್ಕೆ ಟೆಕ್ಸಾಸಿನ ಧಣಿಗಳ ಹತ್ತಿರ ದನ ನೋಡಿಕೊಂಡು ಮೊದಲೇ ರೂಢಿಯಿತ್ತು. ಕೌಬಾಯ್‌ಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬ ಕಪ್ಪು ಮನುಷ್ಯ ಅನ್ನುವುದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುವ ಅಂದಾಜು. ಇನ್ನು ಮೆಕ್ಸಿಕೋದವರ ಕಥೆ ಬೇರೆಯೇ. ಹಗ್ಗ ಬೀಸಿ ದನ ಹಿಡಿಯುವುದು, ಎತ್ತರದ ಜೀನು, ಚರ್ಮದ ಕಾಲುಗಾಪು, ಇವೆಲ್ಲ ಬಿಳಿಯರು ಅವರಿಂದ ಕಲಿತದ್ದು. ಕೆಲಸ ಕಲಿಸಿದವನನ್ನೇ ಸಿನಿಮಾದಲ್ಲಿ ಕಳ್ಳನ ಪಾತ್ರಕ್ಕೆ ಇಟ್ಟುಕೊಂಡರು.

ಬಿಲ್ ಪಿಕೆಟ್ ಅಂತ ಒಬ್ಬರಿದ್ದರು. 1870ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಕಪ್ಪು ಕೌಬಾಯ್. ಓಡುತ್ತಿರುವ ಹೋರಿಯ ಪಕ್ಕಕ್ಕೆ ಕುದುರೆ ತಂದು, ಕುದುರೆ ಮೇಲಿಂದಲೇ ಹಾರಿ ಅದರ ಎರಡೂ ಕೊಂಬು ಹಿಡಿಯುತ್ತಿದ್ದರು. ಕುತ್ತಿಗೆ ತಿರುಚಿ, ಮೂತಿ ಮೇಲಕ್ಕೆ ಬಂದಾಗ ಹೋರಿಯ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕೈ ಬಿಟ್ಟು, ಅದನ್ನು ನೆಲಕ್ಕೆ ಉರುಳಿಸುತ್ತಿದ್ದರು. ದನ ಹಿಡಿಯುವ ನಾಯಿಗಳು ಹೀಗೆ ಕಚ್ಚುವುದನ್ನು ನೋಡಿ ಕಲಿತದ್ದಂತೆ. ಇವತ್ತು ಅಮೆರಿಕದ ರೋಡಿಯೋ ಪಂದ್ಯಗಳಲ್ಲಿ ಹೋರಿ ಕೆಡವುವ ಸ್ಪರ್ಧೆ ಇದೆಯಲ್ಲ, ಅದು ಬಂದದ್ದು ಇವರಿಂದ. ಕಚ್ಚುವುದನ್ನು ಮಾತ್ರ ಈಗ ಬಿಟ್ಟಿದ್ದಾರೆ.

ಈ ಪಿಕೆಟ್ ಸಿನಿಮಾದಲ್ಲೂ ಇದ್ದರು. 1920ರ ದಶಕದ ಶುರುವಿನಲ್ಲಿ ಫ್ಲಾರಿಡಾದ ರಿಚರ್ಡ್ ನಾರ್ಮನ್ ಎಂಬ ಬಿಳಿ ನಿರ್ಮಾಪಕ ಕಪ್ಪು ಪ್ರೇಕ್ಷಕರಿಗಾಗಿಯೇ ಚಿತ್ರ ತೆಗೆಯುತ್ತಿದ್ದರು. ಪಿಕೆಟ್ ಅವರನ್ನು ಹಾಕಿಕೊಂಡು 'ದಿ ಬುಲ್-ಡಾಗರ್' ಮತ್ತು 'ದಿ ಕ್ರಿಮ್ಸನ್ ಸ್ಕಲ್' ಮಾಡಿದರು. ಚಿತ್ರೀಕರಣ ನಡೆದದ್ದು ಓಕ್ಲಹಾಮಾದ ಬೋಲಿ ಎಂಬ ಊರಲ್ಲಿ. ಕಪ್ಪು ಜನರೇ ಕಟ್ಟಿ, ಕಪ್ಪು ಜನರೇ ನಡೆಸುತ್ತಿದ್ದ ಊರು ಅದು. ಮೂಕಿ ಸಿನಿಮಾ, ಕಡಿಮೆ ದುಡ್ಡು, ಆದರೆ ತೆರೆಯ ಮೇಲೆ ಇದ್ದವರು ನಿಜವಾದ ಕೌಬಾಯ್‌ಗಳು. ಈಗ ಆ ಚಿತ್ರಗಳ ಕೆಲವು ತುಣುಕು ಮತ್ತು ಪೋಸ್ಟರ್ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಕೌಬಾಯ್ ಕಾಲದ ಪಶ್ಚಿಮ ಸೀಮೆಯ ಹೆಸರಾಂತರ ಸ್ಟಾಂಪ್ ಮಾಲೆ ತರಲು ಹೊರಟಿತು. ಅದರಲ್ಲಿ ಬಿಲ್ ಪಿಕೆಟ್ ಅವರದೂ ಒಂದು. ಅಚ್ಚಾದ ಮೇಲೆ ಗೊತ್ತಾಯಿತು, ಚಿತ್ರದಲ್ಲಿರುವುದು ಬಿಲ್ ಅಲ್ಲ, ಅವರ ಸಹೋದರ ಬೆನ್ ಅಂತ. ಅಚ್ಚಾದ ಹಾಳೆಗಳನ್ನು ವಾಪಸ್ ತರಿಸಿ ಮತ್ತೆ ಮುದ್ರಿಸಬೇಕಾಯಿತು. ಗೌರವ ಕೊಡಲು ಹೊರಟಾಗಲೂ ಆ ಮುಖ ಯಾರಿಗೂ ಗುರುತು ಸಿಗಲಿಲ್ಲ. ಎಪ್ಪತ್ತು ವರ್ಷ ಅವರನ್ನು ತೆರೆಯಿಂದ ದೂರ ಇಟ್ಟರೆ ಇನ್ನೇನಾಗುತ್ತದೆ?

ಪ್ರಶ್ನೆ: ಇವು ಮಕ್ಕಳು ನೋಡಲಿ ಅಂತ ವಾರದಲ್ಲಿ ತೆಗೆದ ಅಗ್ಗದ ಚಿತ್ರಗಳು. ಇವತ್ತಿನ ತಕ್ಕಡಿಯಲ್ಲಿ ಅವನ್ನು ತೂಗುವುದು ನ್ಯಾಯವೇ? ಆ ಕಾಲವೇ ಹಾಗಿತ್ತು ಅಂತ ಬಿಡಬಾರದೇ? (ನಿವೃತ್ತ ಮಾಸ್ತರರು, ಕಾರವಾರ)

ಮಾಸ್ತರರೇ, ನಿಮ್ಮ ಪ್ರಶ್ನೆ ಗಟ್ಟಿಯಾಗಿದೆ. ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ.

ಮೊದಲು ಒಪ್ಪುವ ಮಾತು. ಈ ಚಿತ್ರಗಳು ಹೇಗೆ ತಯಾರಾಗುತ್ತಿದ್ದವು ಅಂತ ತಿಳಿಯದೆ ಬೈಯುವುದು ತಪ್ಪು. ಆಗ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇತ್ತು. ದೊಡ್ಡ ಚಿತ್ರ ಒಂದು, ಜೊತೆಗೆ ಸಣ್ಣದೊಂದು. ಆ ಸಣ್ಣದನ್ನು ಒದಗಿಸುವುದೇ ರಿಪಬ್ಲಿಕ್, ಮೊನೊಗ್ರಾಮ್‌ನಂಥ ಕಂಪನಿಗಳ ವ್ಯವಹಾರ. ಟಾಕೀಸಿನವರು ಅದಕ್ಕೆ ಕೊಡುವ ಬಾಡಿಗೆ ಮೊದಲೇ ನಿಗದಿ, ಚಿತ್ರ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಹಾಗಾಗಿ ಲಾಭ ಬರಬೇಕಾದರೆ ಖರ್ಚು ಕಡಿಮೆ ಮಾಡುವುದೊಂದೇ ದಾರಿ. ಒಂದು ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ಚಿತ್ರೀಕರಣ ಮುಗಿಯಬೇಕು. ಲಾಸ್ ಏಂಜಲೀಸ್ ಪಕ್ಕದ ಐವರ್ಸನ್ ರ‍್ಯಾಂಚಿನ ಅದೇ ಬಂಡೆಗಳು ಚಿತ್ರದಿಂದ ಚಿತ್ರಕ್ಕೆ ಬರುತ್ತವೆ, ಸ್ವಲ್ಪ ದಿನ ನೋಡಿದರೆ ನಿಮಗೂ ಬಂಡೆಗಳ ಪರಿಚಯ ಆಗಿಬಿಡುತ್ತದೆ. ನಾಯಕ ಯಾಕೆ ಎಲ್ಲ ಚಿತ್ರದಲ್ಲೂ ಒಂದೇ ಬಟ್ಟೆ ಹಾಕುತ್ತಾನೆ ಗೊತ್ತಾ? ಹಳೇ ಚಿತ್ರದಲ್ಲಿ ಅವನು ಕುದುರೆ ಓಡಿಸಿದ ದೃಶ್ಯವನ್ನು ಕತ್ತರಿಸಿ ಹೊಸ ಚಿತ್ರಕ್ಕೆ ಅಂಟಿಸಿದರೆ ಯಾರಿಗೂ ಗೊತ್ತಾಗಬಾರದು ಅಂತ.

ಇಷ್ಟು ಅವಸರದಲ್ಲಿ ಕಥೆ ಬರೆಯುವವನು ಏನು ಮಾಡುತ್ತಾನೆ? ಜನ ನೋಡಿದ ತಕ್ಷಣ ಗುರುತು ಹಿಡಿಯುವ ಅಚ್ಚುಗಳನ್ನು ಎತ್ತಿಕೊಳ್ಳುತ್ತಾನೆ. ಮೀಸೆ ಬಿಟ್ಟ ಮೆಕ್ಸಿಕನ್ ಬಂದರೆ ಕಳ್ಳ. ಗರಿ ಕಟ್ಟಿದವನು ಬಂದರೆ ಬೆಂಕಿ ಹಚ್ಚುತ್ತಾನೆ. ಕಪ್ಪು ಮನುಷ್ಯ ಬಂದರೆ ದೆವ್ವಕ್ಕೆ ಹೆದರಿ ಕಣ್ಣು ಬಿಡುತ್ತಾನೆ. ಚೀನಾದವನು ಬಂದರೆ ಅಡುಗೆಮನೆಯಲ್ಲಿ ಕೂಗಾಡುತ್ತಾನೆ. ಪರಿಚಯಿಸಲು ಅರ್ಧ ನಿಮಿಷವೂ ಬೇಡ. ಅಂದರೆ ಅಗ್ಗದ ಖರ್ಚಿಗೂ ಈ ಅಚ್ಚುಗಳಿಗೂ ನೇರ ಸಂಬಂಧ ಇದೆ.

ಆದರೆ ಆ ಕಾಲವೇ ಹಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲೇ ಜನ ಎದ್ದು ನಿಂತು ಇದು ಸರಿಯಲ್ಲ ಅಂದಿದ್ದರು. 1911ರಲ್ಲೇ, ಸಿನಿಮಾ ಇನ್ನೂ ಎಳೆಗೂಸಾಗಿದ್ದಾಗಲೇ, ಪಶ್ಚಿಮದ ಮೂಲನಿವಾಸಿ ಬುಡಕಟ್ಟುಗಳ ಪ್ರತಿನಿಧಿಗಳು ವಾಷಿಂಗ್ಟನ್ನಿಗೆ ಹೋಗಿ ಸಿನಿಮಾದಲ್ಲಿ ತಮ್ಮನ್ನು ತೋರಿಸುವ ರೀತಿಯ ಮೇಲೆ ದೂರು ಕೊಟ್ಟಿದ್ದರು. 1922ರಲ್ಲಿ ಮೆಕ್ಸಿಕೋ ಸರ್ಕಾರ, ನಮ್ಮ ಜನರನ್ನು ಕೀಳಾಗಿ ತೋರಿಸುವ ಕಂಪನಿಗಳ ಚಿತ್ರಗಳೇ ನಮ್ಮ ದೇಶಕ್ಕೆ ಬೇಡ ಅಂತ ನಿಷೇಧ ಹಾಕಿತು. ಆಗ ಹಾಲಿವುಡ್ ಸ್ವಲ್ಪ ಮೆತ್ತಗಾಯಿತು, ಯಾಕೆಂದರೆ ಪೆಟ್ಟು ಗಲ್ಲಾಪೆಟ್ಟಿಗೆಗೆ ಬಿತ್ತು. ಈ ತಕ್ಕಡಿ ಇವತ್ತಿನದಲ್ಲ ಮಾಸ್ತರರೇ. ನೂರು ವರ್ಷಕ್ಕೂ ಹಳೆಯದು. ಅದನ್ನು ಹಿಡಿದು ನಿಂತವರ ಮಾತು ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಇನ್ನೊಂದು ವಿಷಯ. ಇವನ್ನು ಮಕ್ಕಳ ಚಿತ್ರ ಅಂದಿರಿ. ನನಗೆ ಹೆಚ್ಚು ಚಿಂತೆ ಆಗುವುದೇ ಅದಕ್ಕೆ. ದೊಡ್ಡವರು ಸಿನಿಮಾ ನೋಡಿ ಮನೆಗೆ ಬಂದು ಮರೆಯುತ್ತಾರೆ. ಮಕ್ಕಳು ಶನಿವಾರ ನೋಡಿದ್ದನ್ನು ಭಾನುವಾರ ಅಂಗಳದಲ್ಲಿ ಆಡುತ್ತಾರೆ. ಆಟದಲ್ಲಿ ನಾಯಕ ಯಾರು, ಸಾಯುವವನು ಯಾರು ಅಂತ ಹಂಚುವಾಗ ಕೇರಿಯ ಯಾವ ಹುಡುಗನಿಗೆ ಯಾವ ಪಾಲು ಸಿಕ್ಕಿರಬಹುದು, ಯೋಚಿಸಿ.

ಪ್ರಶ್ನೆ: ಪೂರ್ತಿ ಕಪ್ಪು ನಟರೇ ಇರುವ ಕೌಬಾಯ್ ಚಿತ್ರಗಳೂ ಇದ್ದವು ಅಂತ ಒಂದು ಸಾಲು ಬರೆದು ಮುಂದೆ ಹೋದಿರಿ. ಸ್ವಲ್ಪ ಬಿಡಿಸಿ ಹೇಳಿ. ನೋಡಲು ಚೆನ್ನಾಗಿವೆಯಾ? (ಮೊಬೈಲ್ ಅಂಗಡಿ ನಡೆಸುವವರು, ಹೊನ್ನಾವರ)

ಹರ್ಬ್ ಜೆಫ್ರಿಸ್ ಅಂತ ಒಬ್ಬ ಗಾಯಕ. ಜಾಝ್ ತಂಡದ ಜೊತೆ ದಕ್ಷಿಣದ ರಾಜ್ಯಗಳಲ್ಲಿ ತಿರುಗುವಾಗ ಅಲ್ಲಿ ಕಪ್ಪು ಜನರಿಗೆ ಬೇರೆ ಟಾಕೀಸು, ಬಿಳಿಯರಿಗೆ ಬೇರೆ. ಕಪ್ಪು ಜನರ ಟಾಕೀಸಿನಲ್ಲೂ ತೆರೆ ಮೇಲೆ ಬಿಳಿ ಕೌಬಾಯ್‌ಗಳೇ. ನೋಡುವ ಮಕ್ಕಳಿಗೆ ತಮ್ಮ ಬಣ್ಣದ ಒಬ್ಬ ನಾಯಕನೂ ಇಲ್ಲ. ಇದನ್ನು ನೋಡಿಯೇ ತನಗೆ ಕಪ್ಪು ಕೌಬಾಯ್ ಚಿತ್ರ ಮಾಡುವ ಯೋಚನೆ ಬಂತು ಅಂತ ಅವರು ಮುದುಕರಾದ ಮೇಲೂ ಹೇಳುತ್ತಿದ್ದರು. ದುಡ್ಡು ಹಾಕುವವರನ್ನು ಹುಡುಕಿದರು. ಜೆಡ್ ಬ್ಯುಯೆಲ್ ಎಂಬ ನಿರ್ಮಾಪಕ ಒಪ್ಪಿದ. 1937ರಲ್ಲಿ 'ಹಾರ್ಲೆಮ್ ಆನ್ ದಿ ಪ್ರೇರಿ' ಬಂತು. ಆಮೇಲೆ 1938ರಲ್ಲಿ ಒಂದು, 1939ರಲ್ಲಿ ಎರಡು. ಆ ಎರಡರಲ್ಲಿ 'ದಿ ಬ್ರಾಂಜ್ ಬಕರೂ' ನೋಡಿ.

ಈ ಚಿತ್ರಗಳಲ್ಲಿ ಕೆಲವನ್ನು ತೆಗೆದದ್ದು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಹತ್ತಿರದ ಮರ‍್ರೇ ರ‍್ಯಾಂಚಿನಲ್ಲಿ. ಮರ‍್ರೇ ದಂಪತಿ ಕಪ್ಪು ಜನ. ಬೇರೆ ಕಡೆ ಬಾಗಿಲು ತೆರೆಯದ ಕಾಲದಲ್ಲಿ ಕಪ್ಪು ಪ್ರವಾಸಿಗಳು ಕುದುರೆ ಸವಾರಿ ಮಾಡಿ, ನಾಲ್ಕು ದಿನ ಆರಾಮಾಗಿ ಇದ್ದು ಹೋಗಲು ಆ ಜಾಗ ನಡೆಸುತ್ತಿದ್ದರು. ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿಸ್ ಕೂಡ ಅಲ್ಲಿಗೆ ಬಂದು ಉಳಿದದ್ದುಂಟು.

ಚೆನ್ನಾಗಿವೆಯಾ ಅಂದರೆ, ಕಥೆ ಮಾಮೂಲಿ. ಗೆಳೆಯನ ಜಮೀನು, ಅದರಲ್ಲಿ ಚಿನ್ನ, ಕಬಳಿಸಲು ನಿಂತ ಖಳ, ನಡುವೆ ಹಾಡು. ಹೊಡೆದಾಟದಲ್ಲಿ ಏಟು ಗಾಳಿಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಶಬ್ದ ಹರಿದ ಸ್ಪೀಕರಿನಿಂದ ಬಂದ ಹಾಗಿದೆ. ಆದರೆ ಒಂದು ಹತ್ತು ನಿಮಿಷ ನೋಡಿ. ನಾಯಕ ಕಪ್ಪು. ಖಳನೂ ಕಪ್ಪು. ಸಾರಾಯಿ ಅಂಗಡಿಯವನು, ಇಸ್ಪೀಟು ಆಡುವವರು, ಜಮೀನಿನ ಒಡತಿ, ಕೈಯಾಳು, ಹಾಡುವವರು, ಎಲ್ಲರೂ. ಕಪ್ಪು ಮನುಷ್ಯ ಅಂದರೆ ಹೀಗೆ ಅಂತ ಹೇಳಲು ಅಲ್ಲಿ ಆಗುವುದೇ ಇಲ್ಲ, ಒಬ್ಬೊಬ್ಬ ಒಂದೊಂದು ಥರ ಇದ್ದಾನಲ್ಲ. ಅದರಲ್ಲೊಬ್ಬ ಪೆದ್ದನೂ ಇದ್ದಾನೆ, ಮಾತಾಡುವ ಹೇಸರಗತ್ತೆ ಅಂತ ನಂಬಿ ದುಡ್ಡು ಕೊಟ್ಟು ಮೋಸ ಹೋಗುತ್ತಾನೆ. ಅದೇ ಪೆದ್ದ ಬಿಳಿಯರ ಚಿತ್ರದಲ್ಲಿದ್ದಿದ್ದರೆ ಒಂದು ಇಡೀ ಜನಾಂಗದ ಹಣೆಪಟ್ಟಿ ಆಗುತ್ತಿದ್ದ. ಇಲ್ಲಿ ಅವನು ಬರೀ ಪೆದ್ದ, ಪಕ್ಕದಲ್ಲೇ ಜಾಣರಿದ್ದಾರೆ. ಪ್ರಾತಿನಿಧ್ಯ ಅಂತ ನಾವು ದೊಡ್ಡ ಮಾತು ಆಡುತ್ತೇವಲ್ಲ, ಅದು ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಹತ್ತು ನಿಮಿಷ ತೋರಿಸುತ್ತೇನೆ.

ಹಾಗಂತ ಎಲ್ಲ ಹೊನ್ನಲ್ಲ. ಜೆಫ್ರಿಸ್ ಮೈಬಣ್ಣ ತೆಳು, ಕಪ್ಪು ನಾಯಕನಾಗಲು ಕಪ್ಪು ಸಾಲದು ಅಂತ ಮೇಕಪ್ ಹಾಕಿ ಗಾಢ ಮಾಡಿದ್ದರು. ನಿರ್ಮಾಪಕ ಬ್ಯುಯೆಲ್ ಮರುವರ್ಷವೇ, 1938ರಲ್ಲಿ, ಪೂರ್ತಿ ಕುಳ್ಳ ದೇಹದ ನಟರನ್ನೇ ಹಾಕಿ ಒಂದು ಕೌಬಾಯ್ ಚಿತ್ರ ತೆಗೆದ. ಅದರಲ್ಲಿ ಅವರು ಸಣ್ಣ ಕುದುರೆ ಹತ್ತಿ ಓಡಾಡುವುದು, ಸಾರಾಯಿ ಅಂಗಡಿಯ ತಳ್ಳುಬಾಗಿಲಿನ ಕೆಳಗೆ ನುಸುಳುವುದು, ಇದೇ ನಗೆ. ನನಗೆ ಅದನ್ನು ಪೂರ್ತಿ ನೋಡಲು ಆಗಲಿಲ್ಲ. ಅಂದರೆ ಆ ಮನುಷ್ಯನಿಗೆ ಎರಡೂ ಒಂದೇ ಲೆಕ್ಕ, ಜನ ಕುತೂಹಲಕ್ಕೆ ಟಿಕೆಟ್ ಕೊಳ್ಳುತ್ತಾರೆ ಅಷ್ಟೇ. ಆದರೂ ಜೆಫ್ರಿಸ್ ಮತ್ತು ಜೊತೆಗಾರರು ಸಿಕ್ಕ ಅವಕಾಶದಲ್ಲಿ ತಮ್ಮದೇನೋ ಮಾಡಿದರು. ದೊಡ್ಡ ಸ್ಟುಡಿಯೋಗಳು ಕೋಟಿ ಇಟ್ಟುಕೊಂಡೂ ಮಾಡದ್ದು ಅದು. ಕಡಿಮೆ ದುಡ್ಡಿನ ಚಿತ್ರಗಳನ್ನು ನಾನು ಇಷ್ಟು ಹಚ್ಚಿಕೊಂಡಿರುವುದೂ ಇದಕ್ಕೇ. ಅಚ್ಚುಗಳು ಜಾಸ್ತಿ ಇರುವುದೂ ಇಲ್ಲೇ, ದೊಡ್ಡವರು ಕಾವಲು ಹಾಕದ ಬಾಗಿಲು ಇದ್ದದ್ದೂ ಇಲ್ಲೇ. ಜೆಫ್ರಿಸ್ ಆಮೇಲೆ ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ತಂಡದಲ್ಲಿ ಹಾಡಿ ಹೆಸರು ಮಾಡಿದರು. ನೂರು ವರ್ಷ ಬದುಕಿ 2014ರಲ್ಲಿ ತೀರಿಕೊಂಡರು.

ಪ್ರಶ್ನೆ: ಲೋನ್ ರೇಂಜರ್ ಜೊತೆಗಿರುವ ಟಾಂಟೋ ನಮ್ಮ ಯಕ್ಷಗಾನದ ಹಾಸ್ಯಗಾರನ ಥರ ಅಲ್ವಾ? ಪ್ರತಿ ನಾಯಕನಿಗೂ ಒಬ್ಬ ಜೊತೆಗಾರ ಬೇಕಲ್ಲ. (ಅಡಿಕೆ ಬೆಳೆಗಾರರು, ಶಿರಸಿ)

ಲೋನ್ ರೇಂಜರ್ ಅಂದರೆ ಕೌಬಾಯ್ ಕಥೆಗಳ ಬಿಳಿ ನಾಯಕ, ಟಾಂಟೋ ಅವನ ಮೂಲನಿವಾಸಿ ಜೊತೆಗಾರ. ನಿಮ್ಮ ಮಾತು ಮೇಲ್ನೋಟಕ್ಕೆ ಹೌದು. ಆದರೆ ನಮ್ಮ ಹಾಸ್ಯಗಾರನನ್ನು ನೆನಪಿಸಿಕೊಳ್ಳಿ. ಅವನು ರಾಜನ ಎದುರೇ ನಿಂತು ರಾಜನ ಕಾಲೆಳೆಯುತ್ತಾನೆ. ಭಾಗವತರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಊರಿನ ಸುದ್ದಿ, ಪಂಚಾಯ್ತಿ ಸುದ್ದಿ ಎಲ್ಲ ಎಳೆದು ತರುತ್ತಾನೆ. ಇಡೀ ರಾತ್ರಿಯಲ್ಲಿ ಬಾಯಿಗೆ ಬಂದದ್ದು ಆಡುವ ಸ್ವಾತಂತ್ರ್ಯ ಇರುವುದು ಅವನಿಗೇ. ಟಾಂಟೋಗೆ ಬಾಯೇ ಇಲ್ಲ. ವ್ಯಾಕರಣ ಮುರಿದ ನಾಲ್ಕು ಪದದ ಇಂಗ್ಲಿಷು. ನಾಯಕ ಕಾಡಲ್ಲಿ ಕೂತು, ಪಟ್ಟಣಕ್ಕೆ ಹೋಗಿ ಸುದ್ದಿ ತಿಳಿದು ಬಾ ಅನ್ನುತ್ತಾನೆ. ಟಾಂಟೋ ಹೋಗುತ್ತಾನೆ, ಪುಂಡರ ಕೈಲಿ ಹೊಡೆತ ತಿನ್ನುತ್ತಾನೆ, ಬಂದು ವರದಿ ಒಪ್ಪಿಸುತ್ತಾನೆ. ಮುಂದಿನ ಕಂತಿನಲ್ಲಿ ಮತ್ತೆ ಅದೇ.

ಆದರೆ ಪಾತ್ರ ಬೇರೆ, ಪಾತ್ರ ಮಾಡಿದವರು ಬೇರೆ. 1949ರಿಂದ 1957ರವರೆಗೆ ಟೀವಿಯಲ್ಲಿ ಟಾಂಟೋ ಆದವರು ಜೇ ಸಿಲ್ವರ್‌ಹೀಲ್ಸ್. ಕೆನಡಾದ ಒಂಟಾರಿಯೊದ ಮೊಹಾಕ್ ಜನಾಂಗದವರು, ಲಕ್ರಾಸ್ ಆಟದಲ್ಲಿ ಒಳ್ಳೆ ಹೆಸರಿದ್ದವರು. ಆ ಮುರುಕು ಮಾತುಗಳನ್ನು ಆಡುವಾಗಲೂ ಅವರ ಕುದುರೆ ಸವಾರಿ ನೋಡಿ, ಬೆನ್ನು ನೇರ ಇಟ್ಟು ಕೂತ ರೀತಿ ನೋಡಿ, ಎದುರಿನವನ ಮಾತು ಕೇಳುವಾಗ ಮುಖ ನೋಡಿ. ಸಂಭಾಷಣೆ ಕೊಡದ ಗೌರವವನ್ನು ಅವರು ಮೈಯಲ್ಲೇ ತಂದುಕೊಂಡಿದ್ದಾರೆ. 1960ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಮೂಲನಿವಾಸಿ ನಟರಿಗಾಗಿಯೇ ಒಂದು ತರಬೇತಿ ಶಾಲೆ ಕಟ್ಟಿದರು. ಮೂಲನಿವಾಸಿಗಳ ಪಾತ್ರ ಮೂಲನಿವಾಸಿಗಳಿಗೇ ಸಿಗಬೇಕು, ಅದಕ್ಕೆ ಬೇಕಾದ ತಯಾರಿ ನಮ್ಮವರಿಗೆ ಇರಬೇಕು ಅನ್ನುವುದು ಅವರ ಹಟ.

ಆ ಹಟ ಯಾಕೆ ಬಂತು ಅನ್ನುವುದಕ್ಕೆ ಐರನ್ ಐಸ್ ಕೋಡಿ ಎಂಬ ನಟನ ಕಥೆ ಸಾಕು. ದಶಕಗಟ್ಟಲೆ ಮೂಲನಿವಾಸಿ ಪಾತ್ರ ಮಾಡಿದವರು, 1971ರ ಪರಿಸರ ಜಾಹೀರಾತಿನಲ್ಲಿ ಕಣ್ಣೀರು ಹಾಕಿ ಇಡೀ ದೇಶಕ್ಕೆ ಪರಿಚಿತರಾದವರು. 1996ರಲ್ಲಿ ಪತ್ರಿಕೆಯೊಂದು ಬಯಲಿಗೆ ತಂದಿತು, ಅವರ ಅಪ್ಪ ಅಮ್ಮ ಇಟಲಿಯ ಸಿಸಿಲಿಯಿಂದ ವಲಸೆ ಬಂದವರು ಅಂತ. ತೆರೆಯ ಹೊರಗೂ ಅವರು ಅದೇ ವೇಷದಲ್ಲಿ ಬದುಕಿದರು. ಮೂಲನಿವಾಸಿ ಮಕ್ಕಳನ್ನು ದತ್ತು ತೆಗೆದುಕೊಂಡರು, ಆ ಜನರ ಪರವಾಗಿ ದುಡಿದರು, ಅದನ್ನು ಅಲ್ಲಗಳೆಯಲಾರೆ. ಆದರೂ ಅಷ್ಟು ವರ್ಷ ಆ ಜಾಗದಲ್ಲಿ ನಿಲ್ಲಬೇಕಿದ್ದವರು ಯಾರೋ ಬಾಗಿಲ ಹೊರಗೇ ಉಳಿದರು.

ಪ್ರಶ್ನೆ: ಹೆಂಗಸರಿಗೆ ಪಾಪ, ಗುಂಡಿನ ಸದ್ದಿಗೆ ಚೀರುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲವೇ? (ಗೃಹಿಣಿ, ಅಂಕೋಲಾ)

ಬಹುತೇಕ ಹಾಗೇ ಅಕ್ಕಾ. ಜಮೀನುದಾರನ ಮಗಳು, ಕೊನೆಯಲ್ಲಿ ನಾಯಕನ ಪಕ್ಕ ನಿಲ್ಲುತ್ತಾಳೆ, ಮುಗಿಯಿತು. ಆದರೆ 1939ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಸಣ್ಣ ಕಂಪನಿ ಡೊರತಿ ಪೇಜ್ ಎಂಬ ಗಾಯಕಿಯನ್ನೇ ಮುಖ್ಯ ಪಾತ್ರದಲ್ಲಿಟ್ಟು ಮೂರು ಕೌಬಾಯ್ ಚಿತ್ರ ತೆಗೆಯಿತು. ಕುದುರೆ ಓಡಿಸುವುದು, ಬಂದೂಕು ಹಿಡಿಯುವುದು, ಹಾಡುವುದು ಎಲ್ಲ ಅವರೇ. ಮೂರಕ್ಕೇ ನಿಂತಿತು. ಅದಕ್ಕೂ ಮೊದಲಿನ ಕಾಲಕ್ಕೆ ಹೋದರೆ ಲಿಲಿಯನ್ ಸೇಂಟ್ ಸಿರ್ ಸಿಗುತ್ತಾರೆ, ನೆಬ್ರಾಸ್ಕಾದ ವಿನೆಬಾಗೊ ಜನಾಂಗದ ಹೆಣ್ಣುಮಗಳು, ತೆರೆಯ ಹೆಸರು ರೆಡ್ ವಿಂಗ್. 1914ರಲ್ಲೇ ಪೂರ್ಣ ಪ್ರಮಾಣದ ಚಿತ್ರವೊಂದರಲ್ಲಿ ಮುಖ್ಯ ಪಾತ್ರ ಮಾಡಿದ್ದರು. ಅವರ ಗಂಡ ಜೇಮ್ಸ್ ಯಂಗ್ ಡಿಯರ್ 1910ರ ಸುಮಾರಿಗೇ ನಿರ್ದೇಶಕ, ಅವರ ಕೆಲವು ಚಿತ್ರಗಳಲ್ಲಿ ಮೂಲನಿವಾಸಿಗಳ ಕಡೆಯಿಂದಲೇ ಕಥೆ ನಡೆಯುತ್ತದೆ. ಮೊದಮೊದಲು ಇದ್ದ ಜಾಗವೂ ಆಮೇಲೆ ಕೈತಪ್ಪಿತು ಅನ್ನುವುದು ನನಗೆ ಜಾಸ್ತಿ ಬೇಜಾರಿನ ಸಂಗತಿ.

ಇನ್ನು 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್ಡಿನ ನಿಯಮಾವಳಿ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮವನ್ನು ತೆರೆಯ ಮೇಲೆ ತೋರಿಸಲೇಬಾರದು ಅಂದಿತ್ತು. ಹಾಗಾಗಿ ಬೇರೆ ಬಣ್ಣದ ಹೆಣ್ಣು ನಾಯಕಿ ಆಗುವ ದಾರಿಯೇ ಹೆಚ್ಚುಕಮ್ಮಿ ಬಂದ್.

ಪ್ರಶ್ನೆ: ಚೀನಾದವರು ಯಾಕೆ ಬರೀ ಅಡುಗೆ ಮತ್ತು ಬಟ್ಟೆ ತೊಳೆಯುವ ಪಾತ್ರದಲ್ಲಿ? (ಓದುಗರು, ಭಟ್ಕಳ)

ಅಡುಗೆ, ಲಾಂಡ್ರಿ ಎರಡನ್ನೂ ಅವರು ನಿಜವಾಗಿ ಮಾಡುತ್ತಿದ್ದರು. ಸಿನಿಮಾ ಬಿಟ್ಟದ್ದು ಉಳಿದದ್ದನ್ನು. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮ ಜೋಡಿಸಿದ ರೈಲು ದಾರಿ ಮುಗಿಯಿತಲ್ಲ, ಅದರ ಪಶ್ಚಿಮದ ಭಾಗವನ್ನು ಸಿಯೆರಾ ನೆವಾಡಾ ಬೆಟ್ಟ ಕೊರೆದು ಹಾಕಿದವರಲ್ಲಿ ಹೆಚ್ಚಿನವರು ಚೀನೀಯರು, ಹತ್ತು ಸಾವಿರಕ್ಕೂ ಮೇಲೆ. ಹಿಮದಲ್ಲಿ, ಸಿಡಿಮದ್ದಿನಲ್ಲಿ ಎಷ್ಟೋ ಜನ ಸತ್ತರು. ಕೊಂಕಣ ರೈಲ್ವೆಯ ಸುರಂಗಗಳು ನಮ್ಮ ಜಿಲ್ಲೆಯಲ್ಲಿ ಕೊರೆಯುವುದನ್ನು ನೋಡಿದವರಿಗೆ ಅದು ಎಂಥ ಕೆಲಸ ಅಂತ ಹೇಳಬೇಕಿಲ್ಲ. 1882ರಲ್ಲಿ ಅದೇ ದೇಶ ಚೀನೀ ಕೂಲಿಕಾರರು ಬರಲೇಬಾರದು ಅಂತ ಕಾನೂನು ಮಾಡಿತು. ಈ ಕಾನೂನು ಜಾರಿಯಲ್ಲಿರುವಾಗಲೇ ಈ ಸಿನಿಮಾಗಳು ಬಂದವು, 1943ರವರೆಗೂ ಅದು ಇತ್ತು. ಬರಬೇಡ ಅಂದವನನ್ನು ನಾಯಕ ಮಾಡುತ್ತಾರಾ?

ಪ್ರಶ್ನೆ: ನಾನು ಸಿದ್ದಿ ಹುಡುಗ. ನಾಟಕ ಮಾಡುತ್ತೇನೆ, ಸಿನಿಮಾ ಆಸೆ ಇದೆ. ಕರೆ ಬರುವುದು ಒಂದೇ ಥರದ ಪಾತ್ರಕ್ಕೆ: ಖಳನ ಹಿಂದೆ ಕೈಕಟ್ಟಿ ನಿಲ್ಲುವ ಆಫ್ರಿಕಾದವನು. ಒಂದು ಕಡೆ ಕನ್ನಡ ಮಾತಾಡಬೇಡ, ಸುಮ್ನೆ ಗುರಾಯಿಸು ಅಂದರು. ನಿಮ್ಮ ಹೋದ ತಿಂಗಳ ಅಂಕಣ ಓದಿ ಬರೆಯಬೇಕು ಅನ್ನಿಸಿತು. ಇಂಥ ಪಾತ್ರ ಒಪ್ಪಬೇಕಾ, ಬಿಡಬೇಕಾ? (ಯಲ್ಲಾಪುರ ತಾಲೂಕಿನಿಂದ)

ತಮ್ಮಾ, ಈ ಕಂತಿನ ಎಲ್ಲ ಪತ್ರಗಳಲ್ಲಿ ನಿಮ್ಮದನ್ನೇ ಮತ್ತೆ ಮತ್ತೆ ಓದಿದೆ.

ನಿಮ್ಮ ಹಿರಿಯರು ಪೋರ್ಚುಗೀಸರ ಕೈಲಿ ಗುಲಾಮರಾಗಿ ಆಫ್ರಿಕಾದಿಂದ ಗೋವಾಕ್ಕೆ ಬಂದವರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ನೂರಾರು ವರ್ಷದಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನ ನಡುವೆ ಬೇಸಾಯ ಮಾಡಿಕೊಂಡು, ತೋಟದ ಕೆಲಸ ಮಾಡಿಕೊಂಡು, ಕೊಂಕಣಿ ಕನ್ನಡ ಆಡಿಕೊಂಡು, ಡಮಾಮಿ ಬಾರಿಸಿಕೊಂಡು ಇದ್ದೀರಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಮನೆಗಳಿವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟೆಲ್ಲ ಆದ ಮೇಲೂ ಉತ್ತರ ಕನ್ನಡದ ಹುಡುಗನಿಗೆ ಕನ್ನಡ ಮಾತಾಡಬೇಡ ಅನ್ನುತ್ತಾರೆ ಅಂದರೆ ನನಗೆ ಸಿಟ್ಟು ಬರುತ್ತದೆ. ಟಾಂಟೋ ಬಾಯಿಗೆ ಮುರುಕು ಮಾತು ತುರುಕಿದವರಿಗೂ ಇವರಿಗೂ ಏನು ವ್ಯತ್ಯಾಸ?

ಒಪ್ಪಬೇಕಾ ಬಿಡಬೇಕಾ ಅಂತ ನಾನು ಇಲ್ಲಿ ಕೂತು ಅಪ್ಪಣೆ ಕೊಡುವುದು ಸರಿಯಲ್ಲ. ಮನೆ ನಡೆಯಬೇಕು, ಕ್ಯಾಮೆರಾ ಎದುರು ನಿಂತು ಅಭ್ಯಾಸವೂ ಆಗಬೇಕು. ಬಿಳಿಯರ ಚಿತ್ರದಲ್ಲಿ ಕಣ್ಣು ಬಿಟ್ಟು ಹೆದರುವ ಆಳಿನ ಪಾತ್ರ ಮಾಡಿ ಹೆಸರಾದ ಮ್ಯಾಂಟನ್ ಮೋರ್‌ಲ್ಯಾಂಡ್ ಎಂಬ ಕಪ್ಪು ನಟ ಜೆಫ್ರಿಸ್ ಚಿತ್ರಗಳಲ್ಲೂ ಇದ್ದಾರೆ. ಅವರನ್ನು ಬೈದವರು ಬಹಳ. ನಾನು ಬೈಯಲಾರೆ. ಸಿಕ್ಕ ಅರ್ಧ ನಿಮಿಷದಲ್ಲಿ ಆ ಮನುಷ್ಯನ ಟೈಮಿಂಗ್ ನೋಡಿದರೆ ಪಕ್ಕದಲ್ಲಿರುವ ನಾಯಕ ಮರದ ಗೊಂಬೆ ಥರ ಕಾಣುತ್ತಾನೆ. ಪಾತ್ರ ಒಪ್ಪಿದವನದಲ್ಲ ತಪ್ಪು, ಬೇರೆ ಪಾತ್ರ ಬರೆಯದವರದ್ದು.

ಬೇರೆ ಪಾತ್ರ ಸಾಧ್ಯ ಅನ್ನುವುದಕ್ಕೆ ನಿಮ್ಮ ಹತ್ತಿರದಲ್ಲೇ ದಾರಿ ಇದೆ. 1980ರ ದಶಕದಲ್ಲಿ ನಿಮ್ಮದೇ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆ ಅವರು ಸಿದ್ದಿ ಜನರನ್ನೇ ಸೇರಿಸಿ ನಾಟಕ ಕಟ್ಟಿದರು. ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ನಾಟಕ. ಆಫ್ರಿಕಾದ ಹಳ್ಳಿಯೊಂದರ ಕಥೆ, ಅದರಲ್ಲಿ ನಾಯಕ, ನೆರೆಹೊರೆ, ಹೆಂಡಿರು ಮಕ್ಕಳು ಎಲ್ಲರೂ ಸಿದ್ದಿಗಳೇ. ನಿಮ್ಮ ಮನೆ ಹಿರಿಯರಲ್ಲಿ ಯಾರಾದರೂ ಅದನ್ನು ನೋಡಿರಬಹುದು, ಆಡಿಯೂ ಇರಬಹುದು, ಕೇಳಿ. ಶಿರಸಿಯಿಂದ ಸಾಗರದ ಬಸ್ಸು ಹಿಡಿದರೆ ಹೆಗ್ಗೋಡಿನ ನೀನಾಸಂ ಬಹಳ ದೂರವಿಲ್ಲ. ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಇಬ್ಬರೂ ಅಲ್ಲಿ ಕಲಿತು ಬಂದವರು, ರಂಗದ ಮೇಲೂ ಇದ್ದಾರೆ, ಕನ್ನಡ ಸಿನಿಮಾದಲ್ಲೂ ಇದ್ದಾರೆ, ಮತ್ತು ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿನ ಒಂದು ವರ್ಷದ ಕೋರ್ಸಿಗೆ ಅರ್ಜಿ ಹಾಕಿ ನೋಡಿ.

ಇನ್ನು ಕರೆ ಬಂದಾಗ ಏನು ಮಾಡಬೇಕು ಅಂದರೆ, ಮೊದಲು ಪಾತ್ರದ ಹೆಸರು ಕೇಳಿ. ಆ ಹಳೇ ಚಿತ್ರಗಳ ಹೆಸರಿನ ಪಟ್ಟಿಯಲ್ಲಿ ನಾಯಕನಿಗೆ, ಖಳನಿಗೆ ಹೆಸರಿರುತ್ತದೆ, ಮೆಕ್ಸಿಕನ್, ಇಂಡಿಯನ್, ಅಡುಗೆಯವನು ಅಂತ ಉಳಿದವರನ್ನು ಎಷ್ಟೋ ಸಲ ಬರೀ ಜಾತಿಯಿಂದ, ಕೆಲಸದಿಂದ ಕರೆದಿರುತ್ತಾರೆ, ಅಥವಾ ಪಟ್ಟಿಯಲ್ಲೇ ಹಾಕಿರುವುದಿಲ್ಲ. ನಿಮ್ಮ ಪಾತ್ರಕ್ಕೆ ಹೆಸರು ಇಟ್ಟಿಲ್ಲ ಅಂದರೆ ಇಡಲು ಹೇಳಿ. ಊರು ಯಾವುದು ಅಂತ ಕೇಳಿ. ಮಂಚಿಕೇರಿ ಅಂತಲೇ ಇಡಿ ಅನ್ನಿ, ಅವರಿಗೆ ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಒಂದು ಸಾಲು ಕನ್ನಡ ಮಾತು ಕೊಡಿ ಅಂತ ಕೇಳಿ. ನೂರಕ್ಕೆ ತೊಂಬತ್ತು ಸಲ ಆಗಲ್ಲ ಅನ್ನಬಹುದು. ಆಗುತ್ತದೆ ಅಂದ ಕಡೆ ಹೋಗಿ ಮಾಡಿ, ಮತ್ತು ಚಿತ್ರ ಬಂದಾಗ ನನಗೆ ಒಂದು ಸಾಲು ಬರೆಯಿರಿ. ಈ ಅಂಕಣದಲ್ಲಿ ನಿಮ್ಮ ಪಾತ್ರದ ಹೆಸರು, ಊರು, ಆ ಸಾಲು ಮೂರನ್ನೂ ಹಾಕುತ್ತೇನೆ.